ಶ್ರೆಡ್ಡರ್ ಕೊಳ್ಳುವ ಮುಂಚೆ: ಆಟೋಫೀಡ್ ಬೇಕಾ, ಸಾದಾ ಮೆಷಿನ್ ಸಾಕಾ?

ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿಯಲು ಆಧಾರ್ ಝೆರಾಕ್ಸ್ ಬೇಕು. ಪಿಜಿಗೆ ಸೇರಲು ಬೇಕು. ಸ್ಕೂಲ್ ಅಡ್ಮಿಷನ್‌ಗೆ ಬೇಕು. ಒಂದು ಕೇಳಿದ ಕಡೆ ನಾವು ಮೂರು ಮಾಡಿಸಿಟ್ಟುಕೊಳ್ಳುತ್ತೇವೆ. ಮಿಕ್ಕಿದ್ದು ಡ್ರಾಯರ್‌ಗೆ ಹೋಗುತ್ತದೆ. ಡ್ರಾಯರ್ ತುಂಬಿದ ಮೇಲೆ ಹಳೇ ಪೇಪರ್‌ನವರ ತಕ್ಕಡಿಗೆ. ಅಲ್ಲಿಂದ ಮುಂದೆ ಎಲ್ಲಿಗೆ ಅನ್ನುವುದು ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದುವ ಚಾಳಿ ಇರುವವರಿಗೆಲ್ಲ ಗೊತ್ತು. ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟು, ಯಾರದೋ ರೆಸ್ಯೂಮು, ಫೋನ್ ನಂಬರ್ ಸಮೇತ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಸಿಕ್ಕವರಿಗೆಲ್ಲ ಆಧಾರ್ ಝೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಅಂತ. ಜನ ತಪ್ಪು ತಿಳಿಯಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಿತು. ಸಲಹೆ ಮಾತ್ರ ಒಳ್ಳೆಯದೇ ಆಗಿತ್ತು.

ಸುಟ್ಟುಬಿಟ್ಟರೆ ಆಯ್ತಲ್ವಾ ಅನ್ನುವವರಿದ್ದಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆ ಕೇಸು ಹೂಡಿದ್ದ ಅಲ್ಮಿತ್ರಾ ಪಟೇಲ್ ನಮ್ಮ ಬೆಂಗಳೂರಿನವರೇ. ತಿಂಗಳಿಗೆ ಐದಾರು ಹಾಳೆ ಇದ್ದರೆ ಕೈಯಲ್ಲೇ ಸಣ್ಣಗೆ ಹರಿದು, ನೀರಲ್ಲಿ ನೆನೆಸಿ ಹಿಸುಕಿಬಿಡಿ. ಅದಕ್ಕೆ ಶ್ರೆಡ್ಡರ್, ಅಂದರೆ ಕಾಗದ ಚೂರು ಮಾಡುವ ಮೆಷಿನ್, ಬೇಡ. ಅದಕ್ಕಿಂತ ಜಾಸ್ತಿ ಇರುವವರಿಗಾಗಿ ಮುಂದಿನದು.

ಎರಡು ಥರದ "ಆಟೋ"

ಡಬ್ಬದ ಮೇಲೆ "ಆಟೋಮ್ಯಾಟಿಕ್" ಅಂತ ದೊಡ್ಡದಾಗಿ ಇರುತ್ತದೆ. ಅಗ್ಗದ ಮೆಷಿನ್‌ಗಳಲ್ಲಿ ಅದರ ಅರ್ಥ ಇಷ್ಟೇ: ಹಾಳೆ ಬಾಯಿಗೆ ಇಟ್ಟರೆ ಸೆನ್ಸರ್ ಗುರುತಿಸಿ ಮೋಟಾರ್ ಶುರುವಾಗುತ್ತದೆ, ಹಾಳೆ ಮುಗಿದರೆ ನಿಲ್ಲುತ್ತದೆ. ಹಾಕುವವರು ನೀವೇ, ಪಕ್ಕದಲ್ಲಿ ನಿಲ್ಲುವವರೂ ನೀವೇ. ಇವತ್ತು ಸಿಗುವ ಸಾದಾ ಮೆಷಿನ್‌ಗಳಲ್ಲೂ ಈ ಸೌಲಭ್ಯ ಸಾಮಾನ್ಯ. ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಿಲ್ಲ.

ಆಟೋಫೀಡ್ ಬೇರೆ. ಮೇಲೆ ಪ್ರಿಂಟರ್‌ನಲ್ಲಿರುವಂಥ ಒಂದು ಟ್ರೇ. ಅದರಲ್ಲಿ 50, 100 ಅಥವಾ 150 ಹಾಳೆಯ ಕಟ್ಟನ್ನು ಇಟ್ಟು ಮುಚ್ಚಳ ಹಾಕಿದರೆ ಮುಗಿಯಿತು. ಒಳಗೆ ರಬ್ಬರ್ ರೋಲರ್‌ಗಳು ಅಡಿಯಿಂದ ಕೆಲವೇ ಹಾಳೆ ಎಳೆದು ಬ್ಲೇಡಿಗೆ ಕೊಡುತ್ತಾ ಹೋಗುತ್ತವೆ. ನೀವು ಕಾಫಿ ಕುಡಿದು ಬರಬಹುದು. ರೆಕ್ಸೆಲ್, ಫೆಲೋಸ್ ಕಂಪನಿಗಳ ಮಾಡೆಲ್ ಹೆಸರಲ್ಲಿ ಬರುವ 100, 150, 200 ಎಂಬ ಸಂಖ್ಯೆ ಸಾಮಾನ್ಯವಾಗಿ ಆ ಟ್ರೇ ಹಿಡಿಯುವ ಹಾಳೆಯ ಲೆಕ್ಕ. ಪಕ್ಕದ ಅಕ್ಷರ ಎಕ್ಸ್ ಅಥವಾ ಸಿ ಆಗಿದ್ದರೆ ಕ್ರಾಸ್ ಕಟ್ (ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಚೂರು ಮಾಡುವುದು), ಎಂ ಆಗಿದ್ದರೆ ಮೈಕ್ರೋ ಕಟ್ (ಇನ್ನೂ ಸಣ್ಣ ಚೂರು). ಆನ್‌ಲೈನ್‌ನಲ್ಲಿ ಕೊಳ್ಳುವಾಗ ಬೆಲೆ ನೋಡಿದರೂ ಯಾವ ಥರದ್ದು ಅಂತ ಗೊತ್ತಾಗಿಬಿಡುತ್ತದೆ. ಸಾದಾ ಕ್ರಾಸ್ ಕಟ್ ಮೆಷಿನ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಆಟೋಫೀಡ್ ಅದರ ಹಲವು ಪಟ್ಟು.

ಬಹುಪಾಲು ಮನೆಗಳಿಗೆ ಆಟೋಫೀಡ್ ದಂಡ ಅಂತಲೇ ನನ್ನ ಅಭಿಪ್ರಾಯ. ಅದೇ ಹಣದಲ್ಲಿ ಅರ್ಧ ಖರ್ಚು ಮಾಡಿ, ಹೆಚ್ಚು ಹೊತ್ತು ಓಡುವ ಸಾದಾ ಮೆಷಿನ್ ತಂದರೆ ಸುಖ. ಯಾಕೆ ಅನ್ನುವುದಕ್ಕೆ ಎರಡು ಕಾರಣ ಇದೆ. ಒಂದು ಓಟದ ಲೆಕ್ಕ, ಇನ್ನೊಂದು ನಮ್ಮ ಮನೆಗಳ ಕಾಗದದ ಸ್ವಭಾವ.

ಯಾರೂ ಓದದ ಆ ಒಂದು ಸಾಲು

ಎಲ್ಲರೂ ನೋಡುವುದು "ಒಮ್ಮೆಗೆ ಎಷ್ಟು ಹಾಳೆ" ಅಂತ. ನೋಡಬೇಕಾದ್ದು "ಎಷ್ಟು ನಿಮಿಷ ಓಡಿ ಎಷ್ಟು ನಿಮಿಷ ನಿಲ್ಲುತ್ತದೆ" ಅಂತ. ಚಿಕ್ಕ ಮೋಟಾರ್ ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ಒಳಗಿನ ಥರ್ಮಲ್ ಸ್ವಿಚ್ ಮೆಷಿನ್ ನಿಲ್ಲಿಸಿಬಿಡುತ್ತದೆ. ತಣ್ಣಗಾಗುವ ತನಕ ನೀವು ಏನು ಒತ್ತಿದರೂ ಅಲುಗಾಡುವುದಿಲ್ಲ. ಕೆಟ್ಟುಹೋಯಿತು ಅಂತ ಎಷ್ಟೋ ಜನ ಮೊದಲ ದಿನವೇ ವಾಪಸ್ ಕಳಿಸುವುದು ಇದೇ ಕಾರಣಕ್ಕೆ.

ಲೆಕ್ಕ ಹಾಕೋಣ. ಒಂದು ಅಗ್ಗದ ಮೆಷಿನ್ ಒಮ್ಮೆಗೆ 6 ಹಾಳೆ ತಿನ್ನುತ್ತದೆ, 2 ನಿಮಿಷ ಓಡಿ 30 ನಿಮಿಷ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. ಹಾಳೆ ಜೋಡಿಸಿ ಹಾಕುವ ಹೊತ್ತೂ ಸೇರಿ ನಿಮಿಷಕ್ಕೆ ನಾಲ್ಕು ಸಲ ಹಾಕಬಹುದು. ಅಂದರೆ 2 ನಿಮಿಷಕ್ಕೆ 48 ಹಾಳೆ. ಆಮೇಲೆ ಅರ್ಧ ಗಂಟೆ ರಜೆ. 500 ಹಾಳೆಯ ಒಂದು ರೀಮ್ ಮುಗಿಸಲು 11 ಸುತ್ತು, ಐದು ಗಂಟೆಗೂ ಜಾಸ್ತಿ. ಭಾನುವಾರ ಹೋಯಿತು.

ಈಗ ಒಮ್ಮೆಗೆ 8 ಹಾಳೆ ತಿಂದು 10 ನಿಮಿಷ ಓಡಿ 30 ನಿಮಿಷ ನಿಲ್ಲುವ ಸಾದಾ ಮೆಷಿನ್ ತೆಗೆದುಕೊಳ್ಳಿ. ಮೊದಲ ಓಟದಲ್ಲೇ 320 ಹಾಳೆ. ಅದೇ ರೀಮ್ ಮುಕ್ಕಾಲು ಗಂಟೆಯಲ್ಲಿ ಖಾಲಿ. ಹಾಳೆಯ ಸಂಖ್ಯೆ ಎರಡೇ ಜಾಸ್ತಿ, ಕೆಲಸ ಆರು ಪಟ್ಟಿಗಿಂತ ಬೇಗ. ಓಡುವ ಸಮಯವೇ ಮೆಷಿನ್‌ನ ಯೋಗ್ಯತೆ ಹೇಳುವುದು. ಮಾರುವ ಪುಟದಲ್ಲಿ ಅದನ್ನು ಬರೆದೇ ಇಲ್ಲ ಅಂದರೆ ಹೇಳಿಕೊಳ್ಳುವಂಥದ್ದಲ್ಲ ಅಂತ ತಿಳಿಯಿರಿ.

ಆಟೋಫೀಡ್‌ಗೂ ಈ ನಿಯಮ ತಪ್ಪಿದ್ದಲ್ಲ. 150 ಹಾಳೆಯ ಟ್ರೇ ಇದೆ, ಆದರೆ ಪೂರ್ತಿ ಕಟ್ಟು ಮುಗಿಯುವ ಮೊದಲೇ ಮೋಟಾರ್ ಬಿಸಿಯಾಗುತ್ತದೆ ಅಂದರೆ ಏನು ಪ್ರಯೋಜನ? ಒಂದು ಕಟ್ಟನ್ನು ತಡೆಯಿಲ್ಲದೆ ಮುಗಿಸುವಷ್ಟು ಓಡುತ್ತದಾ ಅಂತ ಕೇಳಿ. ತಣ್ಣಗಾದ ಮೇಲೆ ತಾನಾಗಿಯೇ ಮುಂದುವರಿಸುವ ಮಾಡೆಲ್‌ಗಳೂ ಇವೆ. ಆ ಗುಣ ಇದ್ದರೆ ಆಟೋಫೀಡ್ ನಿಜಕ್ಕೂ ಕೊಟ್ಟ ಕಾಸಿಗೆ ತಕ್ಕದ್ದು, ಯಾಕೆಂದರೆ ನೀವು ಅಲ್ಲಿರಬೇಕಾಗಿಲ್ಲ.

ಒಮ್ಮೆಗೆ ಎಷ್ಟು ಹಾಳೆ ಅನ್ನುವ ಅಂಕಿಯಲ್ಲೂ ಒಂದು ಕಿಲಾಡಿತನ ಇದೆ. ಕೆಲವು ಕಂಪನಿಗಳು ಅದನ್ನು 70 ಜಿಎಸ್ಎಂ (ಚದರ ಮೀಟರ್‌ಗೆ 70 ಗ್ರಾಂ ತೂಗುವ) ತೆಳು ಹಾಳೆಗೆ ಹೇಳುತ್ತವೆ. ನಮ್ಮ ಝೆರಾಕ್ಸ್ ಅಂಗಡಿಯ ಹಾಳೆ 75, ಕೆಲವೊಮ್ಮೆ 80. 8 ಅಂತ ಬರೆದಿದ್ದರೆ 6 ಹಾಕಿ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದಿರುತ್ತದೆ, ಆಗ 5 ಸಾಕು.

ಕಾಗದ ಮಡಿಚಿದ್ದಾ, ನೇರ ಇದ್ದದ್ದಾ?

ಆಟೋಫೀಡ್‌ಗೆ ಇಷ್ಟವಾಗುವುದು ನೇರವಾದ, ಒಂದೇ ಅಳತೆಯ, ಎ4 ಕಟ್ಟು. ಆಫೀಸ್ ಪ್ರಿಂಟರ್‌ನಿಂದ ಬಂದ ಹಾಳೆ ಹಾಗೇ ಇರುತ್ತದೆ. ಮನೆಯ ಕಾಗದ? ಮೂರು ಮಡಿಕೆಯ ಬ್ಯಾಂಕ್ ಪತ್ರ. ಉದ್ದುದ್ದ ಕರೆಂಟ್ ಬಿಲ್ಲಿನ ಚೀಟಿ. ಕಿಟಕಿ ಇರುವ ಲಕೋಟೆ. ನುಣುಪಾದ ಇನ್ಶೂರೆನ್ಸ್ ಬ್ರೋಷರ್. ಕೊರಿಯರ್ ಪ್ಯಾಕೆಟ್ ಮೇಲೆ ಅಂಟಿಸಿದ, ವಿಳಾಸ ಮತ್ತು ಫೋನ್ ನಂಬರ್ ಇರುವ ಲೇಬಲ್. ಇವು ಯಾವುವೂ ಟ್ರೇಗೆ ಆಗಿಬರುವುದಿಲ್ಲ. ಮಡಿಕೆ ಬಿಡಿಸಿ, ಸಪಾಟು ಮಾಡಿ, ಅಳತೆ ಪ್ರಕಾರ ಜೋಡಿಸುವ ಹೊತ್ತಿಗೆ ಕೈಯಲ್ಲೇ ಒಂದೊಂದಾಗಿ ಹಾಕಿ ಮುಗಿಸಬಹುದಿತ್ತು ಅನ್ನಿಸುತ್ತದೆ. ಅಂಟಿನ ಲೇಬಲ್ ಅಂತೂ ಯಾವ ಮೆಷಿನ್‌ಗೂ ಹಾಕಬೇಡಿ. ಬ್ಲೇಡಿಗೆ ಮೆತ್ತಿಕೊಂಡರೆ ಬಿಡಿಸುವುದು ಕಷ್ಟ. ಅದಕ್ಕೆ ಕಪ್ಪು ಮಾರ್ಕರ್ ಸಾಕು.

ಆಟೋಫೀಡ್ ಮೆಷಿನ್‌ಗಳಲ್ಲಿ ಬಿಡಿ ಹಾಳೆಗೆ ಬೇರೆ ಬಾಯಿ ಇರುತ್ತದೆ, ನಿಜ. ಆದರೆ ದಿನಾ ಬಳಸುವುದು ಆ ಬಾಯಿಯೊಂದನ್ನೇ ಆದರೆ ಟ್ರೇಗೆ ಯಾಕೆ ದುಡ್ಡು ಕೊಟ್ಟಿರಿ?

ಸ್ಟೇಪಲ್ ಪಿನ್ ವಿಚಾರ. ಒಳ್ಳೆಯ ಆಟೋಫೀಡ್ ಮೂಲೆಯಲ್ಲಿ ಪಿನ್ ಹೊಡೆದ ಕೆಲವು ಹಾಳೆಗಳನ್ನು ತೆಗೆದುಕೊಳ್ಳುತ್ತದೆ. ದಪ್ಪ ಸೆಟ್‌ಗಳನ್ನು ಬಿಡಿಸಿ ಹಾಕಬೇಕು. ಬೈಂಡರ್ ಕ್ಲಿಪ್, ಫೈಲಿನ ಟ್ಯಾಗ್ ದಾರ ಎಲ್ಲ ಮೊದಲೇ ತೆಗೆಯಬೇಕು. ಹಾಗಾಗಿ ವಕೀಲರ ಕಚೇರಿಗಳಲ್ಲಿ ಆಟೋಫೀಡ್ ಅಂದುಕೊಂಡಷ್ಟು ಓಡುವುದಿಲ್ಲ. ದಾರ ಕಟ್ಟಿದ ಕಡತ, ದಪ್ಪ ಹಸಿರು ಲೆಡ್ಜರ್ ಹಾಳೆ, ಮಡಿಚಿ ಮಡಿಚಿ ಸವೆದ ಪ್ರತಿಗಳು. ಅವರಿಗೆ ದಪ್ಪ ಹಾಳೆ ತಡೆಯುವ ಗಟ್ಟಿ ಮೋಟಾರಿನ ಸಾದಾ ಮೆಷಿನ್ ಮೇಲು. ಆಡಿಟರ್ ಕಚೇರಿಯ ಕಥೆ ಉಲ್ಟಾ. ರಿಟರ್ನ್ಸ್ ಸೀಸನ್ ಮುಗಿದ ಮೇಲೆ ಡ್ರಾಫ್ಟ್ ಪ್ರಿಂಟ್‌ಗಳ ಗುಡ್ಡೆ, ಎಲ್ಲ ಎ4, ಎಲ್ಲ ನೇರ. ಆಟೋಫೀಡ್ ಹುಟ್ಟಿದ್ದೇ ಇಂಥವರಿಗಾಗಿ.

ಎಷ್ಟು ಸಣ್ಣ ಚೂರು?

ಇದಕ್ಕೊಂದು ಹಲವು ದೇಶಗಳಲ್ಲಿ ಬಳಸುವ ಅಳತೆ ಇದೆ. 2012ರ ಜರ್ಮನಿಯ ಡಿಐಎನ್ 66399 ಎಂಬ ಮಾನದಂಡ. ಕಾಗದಕ್ಕೆ ಪಿ-1ರಿಂದ ಪಿ-7ರ ತನಕ ಏಳು ಹಂತ. ಸಂಖ್ಯೆ ಏರಿದಷ್ಟೂ ಚೂರು ಸಣ್ಣದು. ನಮಗೆ ಬೇಕಾದ್ದು ಮಧ್ಯದ ಮೂರು. ಪಿ-3 ಅಂದರೆ ಒಂದು ಚೂರು 320 ಚದರ ಮಿ.ಮೀ. ಮೀರಬಾರದು, ಪಿ-4ಗೆ 160, ಪಿ-5ಗೆ 30. ಡಬ್ಬದ ಮೇಲೆ 4×40 ಮಿ.ಮೀ. ಅಂತಿದ್ದರೆ ಗುಣಿಸಿ ನೋಡಿ, 160 ಬರುತ್ತದೆ, ಅದು ಪಿ-4. ಅದೇ 5×40 ಆದರೆ 200, ಪಿ-3ಕ್ಕೆ ಇಳಿಯಿತು. ಒಂದೇ ಮಿ.ಮೀ. ವ್ಯತ್ಯಾಸ, ಎರಡಕ್ಕೂ ಡಬ್ಬದ ಮೇಲೆ "ಕ್ರಾಸ್ ಕಟ್" ಅಂತಲೇ ಬರೆದಿರುತ್ತಾರೆ.

ಉದ್ದುದ್ದ ಪಟ್ಟಿ ಕತ್ತರಿಸುವ ಸ್ಟ್ರಿಪ್ ಕಟ್ ಅಗ್ಗ. ತರಬೇಡಿ. 6 ಮಿ.ಮೀ. ಅಗಲದ ಪಟ್ಟಿಯಾದರೆ ಒಂದು ಎ4 ಹಾಳೆಗೆ 35 ಪಟ್ಟಿ ಅಷ್ಟೇ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಎಕ್ಸೆಲ್ ಪಟ್ಟಿಗಳನ್ನು ನಾವು ಅಡ್ಡಡ್ಡ ಪ್ರಿಂಟ್ ಮಾಡುತ್ತೇವಲ್ವಾ? ಆ ಹಾಳೆಯನ್ನು ಚಿಕ್ಕ ಬದಿಯಿಂದ ಹಾಕಿದರೆ ಬ್ಲೇಡು ಸಾಲಿನ ಗುಂಟ ಕತ್ತರಿಸುತ್ತದೆ. ಹೆಸರು, ಖಾತೆ ನಂಬರ್, ಮೊತ್ತ ಎಲ್ಲ ಒಂದೇ ಪಟ್ಟಿಯಲ್ಲಿ ನೀಟಾಗಿ ಉಳಿಯುತ್ತದೆ. ಕಳ್ಳನಿಗೆ ಓದಲು ಇನ್ನೂ ಸುಲಭ ಮಾಡಿಕೊಟ್ಟ ಹಾಗೆ. ಪಟ್ಟಿಗಳನ್ನು ಮತ್ತೆ ಜೋಡಿಸಿದ ಉದಾಹರಣೆ ಚರಿತ್ರೆಯಲ್ಲೂ ಇದೆ. 1979ರಲ್ಲಿ ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡ ಮೇಲೆ, ಅಲ್ಲಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದ ರಹಸ್ಯ ಪತ್ರಗಳನ್ನು ಇರಾನಿನವರು ಒಂದೊಂದಾಗಿ ಜೋಡಿಸಿ ಪುಸ್ತಕವಾಗಿಯೇ ಅಚ್ಚು ಹಾಕಿದರು.

ಕ್ರಾಸ್ ಕಟ್ ಚೂರನ್ನೂ ಜೋಡಿಸಬಹುದಾ? ಹಟ ಹಿಡಿದರೆ ಆಗುತ್ತದೆ. 2011ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ಇಟ್ಟಿತು. ಐದು ದಾಖಲೆ, ಹತ್ತು ಸಾವಿರಕ್ಕೂ ಹೆಚ್ಚು ಚೂರು, 50 ಸಾವಿರ ಡಾಲರ್ ಬಹುಮಾನ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ತಂಡ ಕಂಪ್ಯೂಟರ್ ಸಹಾಯದಿಂದ 33 ದಿನದಲ್ಲಿ ಗೆದ್ದಿತು. ನಿಮ್ಮ ಮನೆಯ ಬಾಡಿಗೆ ಕರಾರಿಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಪಿ-4ನಲ್ಲಿ ಒಂದು ಎ4 ಹಾಳೆ ಸುಮಾರು 390 ಚೂರಾಗುತ್ತದೆ. ಮನೆಗೆ ಅದು ಧಾರಾಳ.

2×15 ಮಿ.ಮೀ.ನ ಪಿ-5 ಮೈಕ್ರೋ ಕಟ್ ಅದೇ ಹಾಳೆಯನ್ನು 2,000ಕ್ಕೂ ಹೆಚ್ಚು ಚೂರು ಮಾಡುತ್ತದೆ. ಕಾಂಗ್ರೆಸ್ ಕಡಲೆಬೀಜದ ಹೊಟ್ಟಿನ ಹಾಗೆ ಹಗುರ, ಬುಟ್ಟಿ ತೆಗೆದಾಗ ಹಾರಿ ಮನೆಯೆಲ್ಲ ಆಗುತ್ತದೆ. ಅದೇ ಬೆಲೆಗೆ ಒಮ್ಮೆಗೆ ಹಿಡಿಯುವ ಹಾಳೆ ಕಡಿಮೆ, ವೇಗ ಕಡಿಮೆ, ಎಣ್ಣೆ ಜಾಸ್ತಿ ಕೇಳುತ್ತದೆ. ಒಂದೇ ಲಾಭ, ಚೂರು ಒತ್ತಾಗಿ ಕೂರುವುದರಿಂದ ಬುಟ್ಟಿ ನಿಧಾನವಾಗಿ ತುಂಬುತ್ತದೆ. ರೋಗಿಗಳ ರಿಪೋರ್ಟ್ ಇಟ್ಟುಕೊಳ್ಳುವ ಕ್ಲಿನಿಕ್, ಇನ್ನೊಬ್ಬರ ಪ್ಯಾನ್ ಮತ್ತು ಬ್ಯಾಂಕ್ ವಿವರ ಕೈಯಲ್ಲಿರುವ ಆಡಿಟರ್, ಇವರು ಪಿ-5ಕ್ಕೆ ಹೋದರೆ ಅರ್ಥ ಇದೆ. ಉಳಿದವರಿಗೆ ಸುಮ್ನೆ ಖರ್ಚು.

ಬುಟ್ಟಿ, ಎಣ್ಣೆ, ಕರೆಂಟು

ಕ್ರಾಸ್ ಕಟ್‌ನಲ್ಲಿ ಒಂದು ಲೀಟರ್ ಬುಟ್ಟಿಗೆ ಸುಮಾರು 10 ಹಾಳೆ ಅಂತ ಲೆಕ್ಕ ಇಟ್ಟುಕೊಳ್ಳಿ. 12 ಲೀಟರ್ ಬುಟ್ಟಿ ಮನೆಗೆ ಸಾಕು. ಆಟೋಫೀಡ್ ಆದರೆ ಟ್ರೇಯ ಕನಿಷ್ಠ ಎರಡು ಕಟ್ಟು ಹಿಡಿಯುವ ಬುಟ್ಟಿ ಇರಲಿ. ಇಲ್ಲದಿದ್ದರೆ ಕಟ್ಟು ಅರ್ಧ ಆದಾಗ ಬುಟ್ಟಿ ತುಂಬಿ ಮೆಷಿನ್ ನಿಂತಿರುತ್ತದೆ, ನೀವು ಮಾತ್ರ ಮುಗಿದಿದೆ ಅಂದುಕೊಂಡಿರುತ್ತೀರಿ. ಎಳೆದು ತೆಗೆಯುವ ಬುಟ್ಟಿ ಒಳ್ಳೆಯದು. ಮೇಲಿನ ಭಾರದ ತಲೆಯನ್ನು ಎತ್ತಿ ಪಕ್ಕಕ್ಕಿಡಬೇಕಾದ ಮಾಡೆಲ್‌ಗಳಲ್ಲಿ ಬ್ಲೇಡಿಗೆ ಅಂಟಿದ ಚೂರೆಲ್ಲ ನೆಲಕ್ಕೇ.

ಬ್ಲೇಡಿಗೆ ಆಗಾಗ ಎಣ್ಣೆ ಬೇಕು. ಶ್ರೆಡ್ಡರ್‌ಗೆಂದೇ ಬರುವ ಎಣ್ಣೆಯನ್ನು ಒಂದು ಹಾಳೆ ಮೇಲೆ ಅಂಕುಡೊಂಕಾಗಿ ಸುರಿದು, ಆ ಹಾಳೆಯನ್ನೇ ಮೆಷಿನ್‌ಗೆ ಹಾಕಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಂಗಳೂರಲ್ಲಿ ಬಾಟಲಿಯಲ್ಲೇ ಬೆಳ್ಳಗೆ ಕೂತಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯಂತೂ ಹತ್ತಿರ ತರಬೇಡಿ. ಅದರ ಗ್ಯಾಸು ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದು. ಆಟೋಫೀಡ್‌ನ ರಬ್ಬರ್ ರೋಲರ್‌ಗೆ ಧೂಳು ಹಿಡಿದರೆ ಹಾಳೆ ಜಾರುತ್ತದೆ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಬೇಕು. ಸಾದಾ ಮೆಷಿನ್‌ನಲ್ಲಿ ಆ ಭಾಗವೇ ಇಲ್ಲ, ಆ ರಗಳೆಯೂ ಇಲ್ಲ.

ಮನೆಯ ಯುಪಿಎಸ್ ಸಾಕೆಟ್‌ಗೆ ಚುಚ್ಚಬೇಡಿ. ಮೋಟಾರ್ ಶುರುವಾಗುವ ಕ್ಷಣ ಎಳೆಯುವ ಕರೆಂಟು ಜಾಸ್ತಿ. ಮಧ್ಯದಲ್ಲಿ ಕರೆಂಟ್ ಹೋದರೆ, ಬಂದ ಮೇಲೆ ರಿವರ್ಸ್ ಒತ್ತಿ ಹಾಳೆ ಹಿಂದಕ್ಕೆ ತೆಗೆದು ಮತ್ತೆ ಹಾಕಿ. ರಿವರ್ಸ್ ಬಟನ್ ಇಲ್ಲದ ಮೆಷಿನ್ ಪುಕ್ಕಟೆ ಕೊಟ್ಟರೂ ಬೇಡ.

ಸೆನ್ಸರ್‌ನಲ್ಲಿ ಶುರುವಾಗುವ ಮೆಷಿನ್‌ಗೆ ಹಾಳೆ ಯಾವುದು, ಬಟ್ಟೆ ಯಾವುದು ಗೊತ್ತಾಗುವುದಿಲ್ಲ. ಸೀರೆ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು, ಮತ್ತೆ ನಮ್ಮೂರಲ್ಲಿ ಅರ್ಧ ಜನರ ಕೊರಳಲ್ಲಿ ತೂಗುವ ಆಫೀಸ್ ಐಡಿ ಕಾರ್ಡಿನ ದಾರ. ಬಗ್ಗಿ ಹಾಳೆ ಹಾಕುವಾಗ ಹುಷಾರು. ಚಿಕ್ಕ ಮಕ್ಕಳಿದ್ದರೆ ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ಚೇ ಆಫ್ ಮಾಡಿ. ಕೈ ತಗುಲಿದರೆ ತಾನೇ ನಿಲ್ಲುವ ಮಾಡೆಲ್‌ಗಳಿವೆ. ಮಕ್ಕಳಿರುವ ಮನೆಗೆ ಅದಕ್ಕೆ ಜಾಸ್ತಿ ಕೊಡುವುದು ತಪ್ಪಲ್ಲ. ಮುಚ್ಚಿದ ಟ್ರೇ ಇರುವ ಆಟೋಫೀಡ್ ಈ ಒಂದು ವಿಷಯದಲ್ಲಿ ಸಾದಾ ಮೆಷಿನ್‌ಗಿಂತ ಮುಂದು.

ಹಾಗಾದರೆ ಯಾವುದು ತರುವುದು?

ಗಂಡ-ಹೆಂಡತಿ-ಮಕ್ಕಳ ಮನೆ, ವಾರಕ್ಕೆ ಹತ್ತಿಪ್ಪತ್ತು ಹಾಳೆ: ಪಿ-4, ಒಮ್ಮೆಗೆ 6ರಿಂದ 8 ಹಾಳೆ, ಸಾದಾ. ಓಟದ ಸಮಯ ಐದು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಚೆನ್ನ. ಪಿಜಿ ನಡೆಸುವವರಿಗೂ ಇದೇ ಸಾಕು, ಬಿಟ್ಟು ಹೋದವರ ಆಧಾರ್ ಪ್ರತಿ ಆಗಿಂದಾಗಲೇ ಹಾಕಿಬಿಡಬಹುದು.

ಐದಾರು ಜನರ ಕಚೇರಿ, ಎಲ್ಲರೂ ಪ್ರಿಂಟ್ ತೆಗೆಯುವವರು: ಇಲ್ಲಿ ಆಟೋಫೀಡ್‌ಗೆ ಅರ್ಥ ಬರುತ್ತದೆ. ಶ್ರೆಡ್ಡರ್ ಪಕ್ಕ ನಿಂತು ಹಾಳೆ ಹಾಕುವ ಕೆಲಸ ಯಾರ ಪಾಲಿಗೂ ಸೇರಿರುವುದಿಲ್ಲ. ಹಾಗಾಗಿ ಕಾಗದ ಟೇಬಲ್ ಕೆಳಗೆ ರಾಶಿ ಬೀಳುತ್ತದೆ. ಟ್ರೇಗೆ ಇಟ್ಟು ಹೋಗಬಹುದು ಅಂದರೆ ಎಲ್ಲರೂ ಇಡುತ್ತಾರೆ. 100 ಹಾಳೆಯ ಟ್ರೇ ಸಾಕು, ಓಟದ ಸಮಯ ಮತ್ತು ಬುಟ್ಟಿ ದೊಡ್ಡದಿರಲಿ. ಟ್ರೇಗೆ ಬೀಗ ಇರುವ ಮಾಡೆಲ್ ಸಿಕ್ಕರೆ, ಸಂಬಳದ ಪಟ್ಟಿ ಹಾಕಿ ಧೈರ್ಯವಾಗಿ ಊಟಕ್ಕೆ ಹೋಗಬಹುದು.

ಅಪ್ಪನ ಕಾಲದಿಂದ ಅಟ್ಟದ ಮೇಲೆ ಹತ್ತು ಮೂಟೆ ಇದೆ, ಅದು ಖಾಲಿಯಾದರೆ ಸಾಕು ಅನ್ನುವವರು ಯಾವ ಮೆಷಿನ್ನೂ ತರಬೇಡಿ. ನಗರದಲ್ಲಿ ತೂಕದ ಲೆಕ್ಕದಲ್ಲಿ ಕಾಗದ ಶ್ರೆಡ್ ಮಾಡಿಕೊಡುವ ಸರ್ವಿಸ್‌ಗಳಿವೆ. ಕಣ್ಣೆದುರೇ ಮಾಡಿಕೊಡುತ್ತಾರಾ ಅಂತ ಮೊದಲೇ ಕೇಳಿ.

ಎಸ್‌ಪಿ ರೋಡ್‌ನಲ್ಲೋ ಅವೆನ್ಯೂ ರೋಡ್‌ನಲ್ಲೋ ಅಂಗಡಿಗೆ ಹೋಗುವುದಾದರೆ ಚೀಲದಲ್ಲಿ ನಿಮ್ಮ ಮನೆಯದೇ ಕಾಗದ ಒಂದಿಷ್ಟು ಇರಲಿ. ಮಡಿಚಿದ ಪತ್ರ, ಪಿನ್ ಹೊಡೆದ ಸೆಟ್, ಒಂದು ಹಳೇ ಎಟಿಎಂ ಕಾರ್ಡ್. ಅಂಗಡಿಯವರು ಹೊಸ ಬಿಳಿ ಹಾಳೆ ಹಾಕಿ ತೋರಿಸಿದರೆ ಎಲ್ಲ ಮೆಷಿನ್ನೂ ಚೆನ್ನಾಗೇ ಓಡುತ್ತದೆ. ಸದ್ದು ಎಷ್ಟು ಅನ್ನುವುದೂ ಅಲ್ಲೇ ತಿಳಿಯುತ್ತದೆ. ವಾರಂಟಿ ಬ್ಲೇಡಿಗೆ ಎಷ್ಟು, ಮೋಟಾರಿಗೆ ಎಷ್ಟು ಅಂತ ಬೇರೆ ಬೇರೆ ಕೇಳಿ. ಆಟೋಫೀಡ್ ಆದರೆ ರೋಲರ್ ಸವೆದಾಗ ಬೆಂಗಳೂರಲ್ಲೇ ಸಿಗುತ್ತದಾ ಅನ್ನುವುದನ್ನೂ ಕೇಳಿ.

ಹೊಸ ಮೆಷಿನ್ ಬಂದ ಹುರುಪಲ್ಲಿ ಎಲ್ಲವನ್ನೂ ಪುಡಿ ಮಾಡಬೇಡಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಂಪನಿ ಆದರೆ ಲೆಕ್ಕದ ಪುಸ್ತಕ ಎಂಟು ಹಣಕಾಸು ವರ್ಷ. ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ. ಕ್ರಯಪತ್ರ, ಖಾತಾ, ತೆರಿಗೆ ರಸೀದಿಯ ಹತ್ತಿರವಂತೂ ಶ್ರೆಡ್ಡರ್ ಸುಳಿಯುವುದೇ ಬೇಡ.

ಚೂರುಗಳನ್ನು ಸಡಿಲವಾಗಿ ಒಣಕಸದ ಬುಟ್ಟಿಗೆ ಸುರಿದರೆ ಗಾಡಿಗೆ ಹಾಕುವಾಗ ಅರ್ಧ ರಸ್ತೆಯಲ್ಲಿರುತ್ತದೆ. ಪೇಪರ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಕೊಡಿ. ಮನೆಯಲ್ಲಿ ಕಾಂಪೋಸ್ಟ್ ಮಾಡುವವರಿಗೆ ಒಣ ಎಲೆ ಸಿಗದ ದಿನಗಳಲ್ಲಿ ಸಾದಾ ಕಾಗದದ ಚೂರು ಚೆನ್ನಾಗಿ ಒದಗುತ್ತದೆ. ಒಮ್ಮೆಲೇ ಸುರಿದರೆ ಒದ್ದೆಯಾಗಿ ಮುದ್ದೆ ಕಟ್ಟುತ್ತದೆ, ಹಿಡಿ ಹಿಡಿ ಹಾಕಿ ಕೆದಕಿ. ಎಟಿಎಂ ಚೀಟಿ, ಕಾರ್ಡ್ ಸ್ವೈಪ್ ರಸೀದಿಯಂಥ ಥರ್ಮಲ್ ಕಾಗದದಲ್ಲಿ ರಾಸಾಯನಿಕ ಇರುತ್ತದೆ, ಪ್ಲಾಸ್ಟಿಕ್ ಕಾರ್ಡಿನ ಚೂರಂತೂ ಕೊಳೆಯುವುದೇ ಇಲ್ಲ. ಅವನ್ನು ಬುಟ್ಟಿ ಖಾಲಿ ಮಾಡಿದ ಮೇಲೆ ಬೇರೆಯಾಗಿ ಹಾಕಿ, ಬೇರೆ ಚೀಲಕ್ಕೆ ತುಂಬಿ.